ಶಿಸ್ತಿನ ದಾಸವಾಳ

"ಇದನ್ನ ಹೀಗೆ ಕತ್ತರಿಸಿದ್ದು ಯಾರು?" ತೋಟಗಳ ಸ್ಪರ್ಧೆಯ ತೀರ್ಪುಗಾರ್ತಿ ದಾಸವಾಳದ ಎದುರು ನಿಂತುಬಿಟ್ಟರು. ಗಿಡ ಬೋಳಿಸಿದ ತಲೆಯಂತಿತ್ತು. ನಾಳೆ ಅರಳಬೇಕಿದ್ದ ಮೊಗ್ಗುಗಳೆಲ್ಲ ನೆಲದ ಮೇಲಿದ್ದವು.

ನಿವೃತ್ತ ಡ್ರಿಲ್ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಬೆಳಿಗ್ಗೆ ಹೆಂಡತಿ "ಮೊಗ್ಗಿದೆ, ಮುಟ್ಟಬೇಡಿ" ಎಂದು ಬೇಡಿಕೊಂಡಾಗ "ಗಿಡಕ್ಕೂ ಶಿಸ್ತು ಬೇಕು, ನಿನಗೇನು ಗೊತ್ತು" ಎಂದು ಗದರಿದವರು ಅವರೇ. ದಿನವೂ ನೀರು ಹೊತ್ತವಳು ಅವಳಾದರೂ, ಬಂದವರಿಗೆಲ್ಲ "ನನ್ನ ತೋಟ" ಎಂದು ಎದೆಯುಬ್ಬಿಸುತ್ತಿದ್ದವರೂ ಅವರೇ.

"ನಮ್ಮನೆಯವಳು," ಎಂದರು ಈಗ. "ಎಷ್ಟು ಹೇಳಿದ್ರೂ ಕೇಳೋದಿಲ್ಲ."

ಹೆಂಡತಿಗೆ ಕೋಪವೂ ಬರಲಿಲ್ಲ. ಮೂವತ್ತು ವರ್ಷ ತಾನು ಹೆದರಿದ್ದು ಈ ಮನುಷ್ಯನಿಗಾ ಎಂದು ನಗು ಬಂತು. ಗಂಡನ ಕೈಯಲ್ಲೇ ಇದ್ದ ಕತ್ತರಿಯತ್ತ ಬೆರಳು ತೋರಿಸಿ ಹೇಳಿದಳು: "ಹೌದು ಮೇಡಂ. ತೋಟ ಅವರ್ದು, ತಪ್ಪು ಮಾತ್ರ ನಂದು."