ಕೆಂಪು ಗೋಡೆ

ಬಂದರಿನ ಹಳೇ ಗೋದಾಮಿಗೆ ಕಲಾ ಗ್ಯಾಲರಿಯಾಗಿ ಬಡ್ತಿ ಸಿಕ್ಕಿತ್ತು. ಅಲ್ಲೇ ಮೂವತ್ತು ವರ್ಷ ಮೂಟೆ ಹೊತ್ತಿದ್ದ ಮೋನಪ್ಪ ನೋಡಲು ಬಂದರೆ, ಕಾವಲುಗಾರ ಬಾಗಿಲಲ್ಲೇ ಅವನ ಬಾಯಿ ತೊಳೆಸಿ, ಎಲೆ-ಅಡಿಕೆಯ ಸಂಚಿಯನ್ನೂ ಕಸಿದಿಟ್ಟುಕೊಂಡ.

ಒಳಗೆ, ಹಗ್ಗ ಕಟ್ಟಿ ಕಾಪಾಡಿದ್ದ ಗೋಡೆಯೊಂದರ ಮುಂದೆ ಜನ ಕೈಕಟ್ಟಿ ನಿಂತಿದ್ದರು. ‘ಕೆಂಪು ಭಿತ್ತಿಚಿತ್ರ. ಕಲಾವಿದರು ಅಜ್ಞಾತ’ ಎಂದಿತ್ತು ಫಲಕ.

ಮೋನಪ್ಪನಿಗೆ ನಗು ತಡೆಯಲಾಗಲಿಲ್ಲ. ಗ್ಯಾಲರಿಯ ನಿರ್ದೇಶಕಿಗೇ ಹೇಳಿಬಿಟ್ಟ: “ಎಂತ ಚಿತ್ರ ಮೇಡಂ? ಮೂಟೆ ಇಳಿಸಿ ನಾವು ಎಲೆ-ಅಡಿಕೆ ಉಗಿಯುತ್ತಿದ್ದ ಗೋಡೆ ಇದು. ಎಡಗಡೆಯದ್ದೆಲ್ಲ ನಂದೇ!”

ಆಕೆ ಅವನನ್ನು ಮೆಲ್ಲಗೆ ಮೂಲೆಗೆ ಕರೆದೊಯ್ದರು.

“ಬೇರೆ ಯಾರ ಹತ್ರ ಆದ್ರೂ ಹೇಳಿದ್ದೀರಾ?”

“ಇಲ್ಲ.”

ಆಕೆ ಕಾವಲುಗಾರನನ್ನು ಕೂಗಿದರು: “ಇವರ ಸಂಚಿ ವಾಪಸ್ ಕೊಡಿ ಮಾರಾಯ್ರೆ. ನಾಳೆ ಮಂತ್ರಿಗಳು ಬರ್ತಾರೆ, ಚಿತ್ರದ ಬಲಗಡೆ ಪೂರಾ ಮಾಸಿದೆ.”