ಹುತ್ತದಿಂದ ಬಂದ ಕುರಿಗಳು

ಆ ಮಧ್ಯಾಹ್ನ ನಡೆದದ್ದರಲ್ಲಿ ಎಷ್ಟು ನಾನು ಕಂಡದ್ದು, ಎಷ್ಟು ಆಮೇಲೆ ಕೂಡಿಸಿಕೊಂಡದ್ದು ಎಂದು ಖಚಿತವಾಗಿ ಹೇಳಲಾರೆ. ರವಿವಾರ ಪೇಟೆಯ ಅಂಗಡಿಯಲ್ಲಿ ಹಸಿ ಕಂಬಳಿಯ ವಾಸನೆ ಬಂದರೆ ಮಾತ್ರ ಈಗಲೂ ಬೀಡಿ ಎಂಬ ಊರಿನ ನಮ್ಮ ಕುರಿದಡ್ಡಿ ಕಣ್ಣೆದುರು ನಿಲ್ಲುತ್ತದೆ.

ಕಾಕಾನಿಗೆ ಶಹರದ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಸಿಕ್ಕಿತ್ತು. ಅಜ್ಜನ ಮೊಣಕಾಲುಗಳು ಸೋತಿದ್ದವು. ಹಿಂಡನ್ನು ಕೊಳ್ಳಲು ಖಾನಾಪುರದ ಕಡೆಯಿಂದ ಒಬ್ಬ ಧನಗರ, ಮರಾಠಿ ಕುರಿಗಾಹಿ, ಬಂದಿದ್ದ.

ಅಜ್ಜ ಒರಟು ಕಂಬಳಿ ಹೊದ್ದು ದಡ್ಡಿಯ ಬಾಗಿಲಿಗೆ ಅಡ್ಡ ಕುಳಿತುಬಿಟ್ಟ. "ಶಿವ ಹುತ್ತದಾಗಿಂದ ತಗದು ಕೊಟ್ಟ ಕುರಿ ಇವು. ಮಾರಿದ್ರ ಹೊಳ್ಳಿ ಹುತ್ತ ಸೇರ್ತಾವ," ಎಂದ.

"ನಾಳಿಂದ ಇವನ್ನ ಯಾರು ಕಾಯ್ತಾರ ಯಪ್ಪಾ, ಹುತ್ತ ಕಾಯ್ತೈತೇನ?" ಎಂದ ಕಾಕಾ.

ಧನಗರ ನಗಲಿಲ್ಲ. "ಖರೇ ಐತ್ರಿ ಅಜ್ಜಾರ. ನಮ್ಮ ಮಂದ್ಯಾಗೂ ಕುರಿ ಹುತ್ತದಾಗಿಂದನ ಬಂದಾವ. ಹೊಳ್ಳಿ ಒಳಗ ಹೋಗಾಕ ನಾ ಬಿಡಂಗಿಲ್ರಿ."

ಅಜ್ಜ ನೆಲಕ್ಕೆ ಕೈಯೂರಿ ಎದ್ದು ದಾರಿ ಬಿಟ್ಟ. ಕುರಿಗಳು ಒಂದರ ಹಿಂದೊಂದು ಹೊರಟವು. ಅಜ್ಜ ಏನಾದರೂ ಅಂದನೋ ಇಲ್ಲವೋ, ನೆನಪಿಲ್ಲ.

ವಿಶ್ವವಿದ್ಯಾಲಯದಲ್ಲಿದ್ದಾಗ ಕನ್ನಡದ ಕುರುಬರು, ಮರಾಠಿ ಧನಗರರು ಇಬ್ಬರ ಕಥೆಗಳನ್ನೂ ಹುಡುಕಿ ಓದಿದೆ. ಎರಡರಲ್ಲೂ ಕುರಿಗಳು ಹುತ್ತದಿಂದಲೇ ಬಂದಿದ್ದವು. ಮಾರಿದ ಕುರಿ ಹುತ್ತಕ್ಕೆ ಮರಳಿದ ಕಥೆ ಮಾತ್ರ ನಾನು ಓದಿದ ಯಾವುದರಲ್ಲೂ ಇರಲಿಲ್ಲ.