ಹತ್ತನೆಯ ವಾರಂಟಿ

ಈ ಗಿರಾಕಿಯ ಮೇಲೆ ಮ್ಯಾನೇಜರಿಗೆ ಮಧ್ಯಾಹ್ನದಿಂದಲೇ ಅನುಮಾನ.

ಸ್ಕೂಟರ್ ಆರಿಸಲು ಅವರಿಗೆ ಐದು ನಿಮಿಷ ಸಾಕಾಗಿತ್ತು. ಬಣ್ಣ ಯಾವುದಾದರೂ ಆದೀತು ಎಂದಿದ್ದರು. ಆದರೆ ವಾರಂಟಿಯ ಮೇಜಿಗೆ ಬರಲು ಎರಡು ಗಂಟೆ ತೆಗೆದುಕೊಂಡರು. ಪಕ್ಕದ ಮೇಜಿನಲ್ಲಿ ಗಿರಾಕಿಗಳೇ ಇರಲಿಲ್ಲ. ಅಲ್ಲಿಂದ ಕರೆದರೂ ಏಳಲಿಲ್ಲ. ಇತ್ತ ತಮ್ಮ ಸರದಿ ಬಂದಾಗ ಹಿಂದಿನವರನ್ನು ಎರಡು ಸಲ ಮುಂದೆ ಬಿಟ್ಟರು.

"ಹೆಡ್ ಆಫೀಸಿನವರೇ ಇವರು," ಮ್ಯಾನೇಜರ್ ವಾರಂಟಿ ಮೇಜಿನ ಹುಡುಗಿಯ ಕಿವಿಯ ಬಳಿ ಪಿಸುಗುಟ್ಟಿದರು. "ನಾವು ಹೇಗೆ ಮಾತಾಡ್ತೀವಿ ಅಂತ ನೋಡೋಕೆ ಗಿರಾಕಿ ವೇಷದಲ್ಲಿ ಕಳಿಸ್ತಾರೆ. ನಿನ್ನ ಬ್ಯಾಡ್ಜನ್ನೇ ಓದ್ತಾ ಇದ್ದರು, ನೋಡಿದೆಯಾ? ಸರಿಯಾಗಿ ಮಾತಾಡಮ್ಮಾ. ನನ್ನ ತಲೆ ಮೇಲೆ ಕಲ್ಲು ಹಾಕಬೇಡ."

ಕಲ್ಲು ಅವಳ ತಲೆಯ ಮೇಲೆಯೇ ಇತ್ತು. ತಿಂಗಳಿಗೆ ಹತ್ತು ಹೆಚ್ಚುವರಿ ವಾರಂಟಿ ಮಾರಬೇಕು. ಒಂಬತ್ತು ಆಗಿತ್ತು. ಇಂದು ತಿಂಗಳ ಕೊನೆಯ ದಿನ, ಷೋರೂಮ್ ಮುಚ್ಚಲು ಅರ್ಧ ಗಂಟೆ. ಹತ್ತಾಗದಿದ್ದರೆ ನಾಳೆಯಿಂದ ಬರುವುದೇ ಬೇಡ ಎಂದು ಬೆಳಿಗ್ಗೆ ಹೇಳಿಯಾಗಿತ್ತು. ಕಾಯುವ ಬೆಂಚಿನಲ್ಲಿ ಇವರೊಬ್ಬರ ಹೊರತು ಯಾರೂ ಉಳಿದಿರಲಿಲ್ಲ.

ಅವರು ಬಂದು ಕುರ್ಚಿಯ ತುದಿಯಲ್ಲಿ ಕುಳಿತರು. ಅವಳ ಮುಖ ನೋಡಲಿಲ್ಲ. ಯೂನಿಫಾರ್ಮಿನ ಭುಜ ನೋಡಿದರು. ಅದು ಅವಳಿಗೆ ಸಡಿಲವಾಗಿ ಜೋತುಬಿದ್ದಿತ್ತು. ಹಿಂದೆ ನಿಂತ ಮ್ಯಾನೇಜರ್ ಗಾಬರಿಯಿಂದ ತಮ್ಮ ಟೈ ಸರಿಪಡಿಸಿಕೊಂಡರು.

"ಹೇಳಿ ಮೇಡಂ," ಎಂದರು ಗಿರಾಕಿ.

ಅವಳು ಕಾಗದ ನೋಡಿಕೊಂಡೇ ಶುರು ಮಾಡಿದಳು. "ಕಂಪನಿ ಕೊಡೋದು ಎರಡು ವರ್ಷ, ಸರ್. ಇನ್ನೂ ಮೂರು ವರ್ಷ ಹೆಚ್ಚಿಗೆ ತಗೋಬಹುದು."

"ಏನೇನು ಸೇರುತ್ತೆ?"

"ಎಂಜಿನ್, ಬೆಲ್ಟು, ಒಳಗಿನದೆಲ್ಲಾ. ತಾನಾಗೇ ಕೆಟ್ಟರೆ ಮಾತ್ರ. ನಾವೇ ಕೈಯಾರೆ ಹಾಳು ಮಾಡಿಕೊಂಡರೆ ಇಲ್ಲ."

"ಸಿಟ್ಟಲ್ಲಿ ಒದ್ದರೆ?"

"ಅದಕ್ಕೆ ಇಲ್ಲ, ಸರ್."

ಮ್ಯಾನೇಜರ್ ಜೋರಾಗಿ ನಕ್ಕರು. "ನಾನೂ ನನ್ನ ಗಾಡಿಗೆ ಒದೀತೀನಿ ಸರ್. ಅದೂ ನನಗೆ ಒದೆಯುತ್ತೆ." ಯಾರೂ ನಗದಿದ್ದಾಗ ಕೆಮ್ಮಿದರು.

ಅವಳು ಮುಂದಿನ ಪ್ರಶ್ನೆ ಓದಿದಳು. "ಗಾಡಿ ನೀವೇ ಓಡಿಸ್ತೀರಾ?"

"ಕಲೀಬೇಕು."

"ಹಿಂದೆ ಕೂರೋರು ಇದ್ದಾರಾ?"

"ಒಬ್ಬಳಿದ್ದಾಳೆ. ಮೊಣಕಾಲು ನೋವು. ಬಸ್ಸು ಹತ್ತೋಕಾಗಲ್ಲ."

"ಯಾವಾಗಿನಿಂದ?"

ಮ್ಯಾನೇಜರ್ ಹುಬ್ಬು ಗಂಟಿಕ್ಕಿದರು. ಆ ಪ್ರಶ್ನೆ ಕಾಗದದಲ್ಲಿ ಇರಲಿಲ್ಲ.

"ವರ್ಷ ಆಯ್ತು," ಎಂದರು ಗಿರಾಕಿ. "ಸರ್ವಿಸ್‌ಗೆ ಇಲ್ಲಿಗೇ ಬರಬೇಕಾ?"

"ಇಲ್ಲಿಗೇ ಬರಬೇಕು ಸರ್. ಮೂರು ತಿಂಗಳಿಗೊಮ್ಮೆ. ಬೇರೆ ಕಡೆ ಬಿಚ್ಚಿಸಿದರೆ ವಾರಂಟಿ ಹೋಗುತ್ತೆ."

"ನಾನು ಬಂದಾಗ ನೀವು ಇರ್ತೀರಾ?"

ಅವಳು ಕಾಗದದ ಅಂಚು ಮಡಿಚಿದಳು. ಮ್ಯಾನೇಜರ್ ಮುಂದೆ ಬಂದರು. ಬಂದವರು ಹೆಡ್ ಆಫೀಸಿನವರಾಗಲಿ, ಬೇರೆಯವರಾಗಲಿ, ಕರುಳಿಲ್ಲದವರಲ್ಲ ಎಂದು ಅವರಿಗೆ ಅನಿಸಿರಬೇಕು.

"ಇದೊಂದು ಆದರೆ ಇರ್ತಾಳೆ ಸರ್. ಆಗದಿದ್ದರೆ ಇವತ್ತೇ ಕೊನೆ. ಮೇಲಿನವರ ಮುಂದೆ ನನ್ನ ಮಾತು ನಡೆಯಲ್ಲ. ಅಪ್ಪ ಇಲ್ಲದ ಹುಡುಗಿ, ಪಾಪ. ಒಬ್ಬಳೇ ರೂಮು ಮಾಡ್ಕೊಂಡಿದ್ದಾಳೆ."

ಮೇಜಿನ ಮೇಲಿದ್ದ ಗಿರಾಕಿಯ ಕೈ ಮಡಿಲಿಗೆ ಇಳಿಯಿತು.

"ಹೌದಾ?" ಎಂದರು. "ಎಷ್ಟು ವರ್ಷ ಆಯ್ತು?"

"ಎರಡು," ಎಂದಳು ಹುಡುಗಿ.

"ಏನಾಗಿತ್ತು?"

"ಮಾತು ನಿಂತು ಹೋಯ್ತು, ಸರ್. ಅಷ್ಟೇ."

"ಸ್ಟ್ರೋಕ್ ಆದರೆ ಹಾಗೇ," ಮ್ಯಾನೇಜರ್ ಲೊಚಗುಟ್ಟಿದರು.

"ತುಂಬಾ ನೋವು ತಿಂದರಾ?"

"ಗೊತ್ತಿಲ್ಲ ಸರ್. ನಾನು ಹತ್ತಿರ ಇರಲಿಲ್ಲ."

ಗೋಡೆಯ ಗಡಿಯಾರದಲ್ಲಿ ಮುಚ್ಚುವ ಹೊತ್ತಿಗೆ ಹತ್ತು ನಿಮಿಷವಿತ್ತು. ಹೊರಗೆ ಯಾರೋ ಹೊಸ ಸ್ಕೂಟರಿನ ಸೀಟಿನ ಪ್ಲಾಸ್ಟಿಕ್ ಕೀಳುತ್ತಿದ್ದ ಸದ್ದು ಪರಪರ ಕೇಳಿಸುತ್ತಿತ್ತು. ಗಿರಾಕಿ ತಲೆಯೆತ್ತಿ ನೋಡಿದರು. ಮ್ಯಾನೇಜರ್ ಅಲ್ಲೇ ನಿಂತಿದ್ದರು.

"ಇದರ ಮೇಲೆ ಇನ್ನೂ ಉದ್ದದ್ದು ಇಲ್ವಾ?" ಎಂದರು ಕೊನೆಗೆ.

"ಇಷ್ಟೇ ಸರ್. ಮೂರೇ ವರ್ಷ."

"ಸರಿ. ಅದನ್ನೇ ಬರೀರಿ."

ಮ್ಯಾನೇಜರಿಗೆ ಹೋದ ಜೀವ ಬಂದಂತಾಯಿತು. "ಒಂದೇ ನಿಮಿಷ ಸರ್, ಸೀಲು ತಂದೆ," ಎಂದು ಒಳಗೆ ಓಡಿದರು.

ಹುಡುಗಿ ಫಾರಂ ಎಳೆದುಕೊಂಡಳು. ಹೆಸರು, ಮನೆ ನಂಬರು, ಬೀದಿ, ಫೋನು ಒಂದೊಂದಾಗಿ ತುಂಬಿದವು. ಹೆಸರು, ವಿಳಾಸವಿದ್ದ ಬುಕಿಂಗ್ ಚೀಟಿ ಇನ್ನೂ ಗಿರಾಕಿಯ ಜೇಬಿನಲ್ಲೇ ಇತ್ತು. ಪೆನ್ನು ಎಲ್ಲೂ ತಡವರಿಸಲಿಲ್ಲ.

ಕೊನೆಯ ಸಾಲಿನಲ್ಲಿ ನಿಂತಿತು. ಈ ತಿಂಗಳು ಒಂಬತ್ತು ಸಲ ಓದದೆಯೇ ತುಂಬಿದ್ದ ಸಾಲು ಅದು. ಕೊಳ್ಳುವವರು ಮಾರುವ ಸಿಬ್ಬಂದಿಯ ಮನೆಯವರೇ? ಹೌದಾದರೆ ಈ ವಾರಂಟಿಯನ್ನು ಸಿಬ್ಬಂದಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒಳಗಿನಿಂದ ಮ್ಯಾನೇಜರ್ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಅವಳು ಪೆನ್ನು ಹಿಡಿದುಕೊಂಡೇ ಕುಳಿತಿದ್ದಳು. ಮೇಜಿನ ಆಚೆಯಿಂದ ಅವರು ಬಗ್ಗಿ, ಆ ಸಾಲನ್ನು ತಲೆಕೆಳಗಾಗಿಯೇ, ಅಕ್ಷರ ಅಕ್ಷರವಾಗಿ ಓದಿದರು.

"ಇಲ್ಲ ಅಂತ ಬರಿ," ಎಂದರು ಅಪ್ಪ.